ಔಟ್‌ಬೋರ್ಡ್ ಮೋಟಾರಿನ ಹೊಂದಾಣಿಕೆ ಮತ್ತು ಆರೈಕೆ: ಕಾರ್ಬ್ಯುರೇಟರಿಗೆ ಕೈ ಹಾಕುವ ಮೊದಲು

ಚಿಕ್ಕ ದೋಣಿಯ ಹಿಂಬದಿಗೆ ಹೊರಗಿನಿಂದ ತೂಗುಹಾಕುವ ಔಟ್‌ಬೋರ್ಡ್ ಮೋಟಾರು ಸರಿಯಾಗಿ ಓಡುತ್ತಿಲ್ಲವೆಂದಾಗ ಬಹಳಷ್ಟು ಜನ ಮೊದಲು ಮಾಡುವ ಕೆಲಸವೆಂದರೆ ಮೇಲಿನ ಮುಚ್ಚಳ ತೆಗೆದು, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬ್ಯುರೇಟರಿನ ತಿರುಪುಗಳನ್ನು ತಿರುವುವುದು. ಆದರೆ ವೇಗ ಬರುತ್ತಿಲ್ಲ, ದೋಣಿಯ ಮೂತಿ ಏಳುತ್ತದೆ, ಒಂದೇ ಕಡೆಗೆ ಎಳೆಯುತ್ತದೆ, ಎಂಜಿನ್ ಕಾಯುತ್ತದೆ, ಅರ್ಧ ದಾರಿಯಲ್ಲಿ ನಿಂತುಹೋಗುತ್ತದೆ ಎಂಬ ದೂರುಗಳಲ್ಲಿ ಹೆಚ್ಚಿನವುಗಳ ಮೂಲ ಎಂಜಿನ್ನಿನ ಒಳಗೆ ಇರುವುದೇ ಇಲ್ಲ. ಮೋಟಾರನ್ನು ದೋಣಿಗೆ ಎಷ್ಟು ಎತ್ತರದಲ್ಲಿ, ಯಾವ ಕೋನದಲ್ಲಿ ಕೂರಿಸಲಾಗಿದೆ, ಅದಕ್ಕೆ ಯಾವ ಪ್ರೊಪೆಲ್ಲರ್ ತೊಡಿಸಲಾಗಿದೆ, ಒಳಗೆ ತಂಪಿನ ನೀರು ಹರಿಯುತ್ತಿದೆಯೇ, ಬರುತ್ತಿರುವ ಪೆಟ್ರೋಲ್ ಶುದ್ಧವಾಗಿದೆಯೇ ಎಂದು ಈ ಕ್ರಮದಲ್ಲಿಯೇ ನೋಡುತ್ತ ಹೋದರೆ, ಬಹುಪಾಲು ತೊಂದರೆಗಳು ಕಾರ್ಬ್ಯುರೇಟರನ್ನು ಮುಟ್ಟುವ ಮೊದಲೇ ಬಗೆಹರಿಯುತ್ತವೆ.

ಮೋಟಾರಿನ ರಚನೆಯನ್ನು ಒಮ್ಮೆ ನೋಡಿದರೆ ಈ ಕ್ರಮ ಏಕೆಂಬುದು ತಿಳಿಯುತ್ತದೆ. ಮುಚ್ಚಳದ ಕೆಳಗೆ ಎಂಜಿನ್ ಇರುತ್ತದೆ. ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿ ಬದಲಿಸುವ ಅದರ ಕ್ರ್ಯಾಂಕ್‌ಶಾಫ್ಟ್ ಕಾರು, ಬೈಕುಗಳಲ್ಲಿರುವಂತೆ ಅಡ್ಡವಾಗಿರದೆ ನೆಟ್ಟಗೆ ನಿಂತಿರುತ್ತದೆ. ಅಲ್ಲಿಂದ ಉದ್ದನೆಯ ಡ್ರೈವ್‌ಶಾಫ್ಟ್ ಕೆಳಗಿಳಿದು, ನೀರಿನಲ್ಲಿ ಮುಳುಗಿರುವ ಗೇರ್‌ಪೆಟ್ಟಿಗೆಯ ಓರೆಹಲ್ಲಿನ ಗೇರುಗಳ ಮೂಲಕ ಪ್ರೊಪೆಲ್ಲರನ್ನು ತಿರುಗಿಸುತ್ತದೆ. 1909ರಲ್ಲಿ ಓಲೆ ಎವಿನ್ರೂಡ್ ಮಾರಾಟಕ್ಕೆ ತಂದ ಮೋಟಾರಿನಲ್ಲಿಯೂ ನೆಟ್ಟಗಿನ ಕ್ರ್ಯಾಂಕ್‌ಶಾಫ್ಟ್, ನೀರೊಳಗಿನ ಗೇರುಗಳು ಎಂಬ ಇದೇ ಏರ್ಪಾಡು ಇತ್ತು. ಒಂದು ಶತಮಾನ ಕಳೆದರೂ ಅದರ ಮೂಲ ಬದಲಾಗಿಲ್ಲ. ಈ ಏರ್ಪಾಡಿನಲ್ಲಿ ದೋಣಿಯನ್ನು ತಳ್ಳುವುದೂ, ತಿರುಗಿಸುವುದೂ, ತನ್ನನ್ನು ತಾನೇ ತಂಪಾಗಿಟ್ಟುಕೊಳ್ಳುವುದೂ ಎಲ್ಲವೂ ನೀರಿನಲ್ಲಿರುವ ಆ ಕೆಳಭಾಗದ ಕೆಲಸ. ಆದ್ದರಿಂದ ಅದು ನೀರಿನಲ್ಲಿ ಎಲ್ಲಿ, ಹೇಗೆ ನಿಂತಿದೆ ಎಂಬುದು ಎಂಜಿನ್ನಿನ ಸ್ಥಿತಿಯಷ್ಟೇ ಮುಖ್ಯವಾಗುತ್ತದೆ.

ಎತ್ತರ ಮತ್ತು ಕೋನ

ಮೋಟಾರನ್ನು ತೂಗುಹಾಕುವ ದೋಣಿಯ ಹಿಂಬದಿಯ ಅಡ್ಡಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಅದರ ಎತ್ತರಕ್ಕೆ ತಕ್ಕಂತೆ ಮೋಟಾರುಗಳು ಸಾಮಾನ್ಯವಾಗಿ ಮೂರು ಉದ್ದಗಳಲ್ಲಿ ಬರುತ್ತವೆ: 15 ಇಂಚಿನ ಗಿಡ್ಡ ಶಾಫ್ಟ್, 20 ಇಂಚಿನ ಉದ್ದ ಶಾಫ್ಟ್, 25 ಇಂಚಿನ ಹೆಚ್ಚು ಉದ್ದದ ಶಾಫ್ಟ್. ಟ್ರಾನ್ಸಮ್ಮಿನ ಮೇಲಂಚಿನಿಂದ ದೋಣಿಯ ತಳದವರೆಗೆ, ಮಧ್ಯರೇಖೆಯ ಗುಂಟ ಅಳೆದರೆ ಯಾವ ಉದ್ದ ಬೇಕೆಂಬುದು ಗೊತ್ತಾಗುತ್ತದೆ. ಬೇರೆ ದೋಣಿಯಿಂದ ಬಿಚ್ಚಿ ತಂದ ಹಳೆಯ ಮೋಟಾರಿನ ವಿಷಯದಲ್ಲಿ ಈ ಅಳತೆಯನ್ನು ಮೊದಲು ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಉದ್ದವೇ ಹೊಂದದಿದ್ದರೆ ಮುಂದಿನ ಯಾವ ಹೊಂದಾಣಿಕೆಯೂ ಕೆಲಸಕ್ಕೆ ಬಾರದು.

ಉದ್ದ ಹೊಂದಿದ ಮೇಲೆ ನೋಡಬೇಕಾದದ್ದು ಪ್ರೊಪೆಲ್ಲರಿನ ಮೇಲ್ಗಡೆ ಅಡ್ಡಲಾಗಿ ಚಾಚಿಕೊಂಡಿರುವ ಚಪ್ಪಟೆ ಫಲಕವನ್ನು. ನೀರಿನ ಮೇಲ್ಮೈಯಿಂದ ಗಾಳಿ ಪ್ರೊಪೆಲ್ಲರಿನೊಳಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ಅನೇಕರು ಅದನ್ನು ಕ್ಯಾವಿಟೇಷನ್ ಪ್ಲೇಟ್ ಎಂದು ಕರೆಯುತ್ತಾರೆ, ಆದರೆ ಕ್ಯಾವಿಟೇಷನ್ ಎಂಬುದು ಪ್ರೊಪೆಲ್ಲರಿನ ಎಲೆಯ ಮೇಲಿನ ಒತ್ತಡ ತೀರ ಕುಸಿದು ನೀರೇ ಆವಿಯಾಗಿ ಗುಳ್ಳೆಯೇಳುವ ಬೇರೆಯೇ ವಿದ್ಯಮಾನ, ಅದನ್ನು ಈ ಫಲಕ ತಡೆಯಲಾರದು. ದೋಣಿಯ ತಳಕ್ಕೆ ನೇರವಾದ ಪಟ್ಟಿಯೊಂದನ್ನು ಒತ್ತಿಹಿಡಿದು ಹಿಂದಕ್ಕೆ ಚಾಚಿದರೆ ಫಲಕ ಅದರ ಮಟ್ಟದಲ್ಲಿ, ಅಥವಾ ಅದಕ್ಕಿಂತ ಒಂದು ಇಂಚಿನಷ್ಟು ಕೆಳಗೆ ಇರಬೇಕು. ಇದು ಆರಂಭದ ಸ್ಥಾನ ಮಾತ್ರ. ನೀರನ್ನು ಸೀಳಿಕೊಂಡು ನಿಧಾನವಾಗಿ ಸಾಗುವ ದೋಣಿಗೆ ಫಲಕ ಸ್ವಲ್ಪ ಕೆಳಗಿದ್ದರೆ ಅಡ್ಡಿಯಿಲ್ಲ, ನೀರಿನ ಮೇಲೆದ್ದು ಜಾರುತ್ತ ಓಡುವ ಹಗುರ ದೋಣಿಗೆ ತುಸು ಮೇಲೆ ಏರಿಸಿದರೆ ಎಳೆತ ಕಡಿಮೆಯಾಗಿ ವೇಗ ಹೆಚ್ಚುತ್ತದೆ.

ಎತ್ತರ ಸರಿಯಿದೆಯೇ ಇಲ್ಲವೇ ಎಂಬುದನ್ನು ದೋಣಿಯೇ ತೋರಿಸುತ್ತದೆ. ತಿರುವಿನಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಕಿರುಚಿ, ಅದರ ಸುತ್ತು ಏರಿ, ದೋಣಿ ಮಾತ್ರ ಮುಂದಕ್ಕೆ ಹೋಗದಿದ್ದರೆ ಪ್ರೊಪೆಲ್ಲರ್ ಗಾಳಿಯನ್ನು ಹೀರುತ್ತಿದೆಯೆಂದು ಅರ್ಥ, ಅಂದರೆ ಮೋಟಾರು ಬಹಳ ಮೇಲಿದೆ. ಇದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಅಪಾಯವೂ ಇದೆ: ತಂಪಿನ ನೀರು ಒಳಬರುವ ಕಿಂಡಿಗಳು ಗೇರ್‌ಪೆಟ್ಟಿಗೆಯ ಪಕ್ಕದಲ್ಲಿಯೇ ಇರುವುದರಿಂದ, ಅವು ನೀರಿನಿಂದ ಮೇಲೆದ್ದರೆ ಎಂಜಿನ್ ಕಾಯತೊಡಗುತ್ತದೆ. ಮೋಟಾರು ಬಹಳ ಕೆಳಗಿದ್ದರೆ ಹಿಂಬದಿಯಲ್ಲಿ ನೀರು ಎರಚುತ್ತದೆ, ದೋಣಿ ಭಾರವಾಗಿ ಓಡುತ್ತದೆ, ಇಂಧನ ಹೆಚ್ಚು ಸುಡುತ್ತದೆ. ಮರದ ಟ್ರಾನ್ಸಮ್ಮಿನ ಮೇಲೆ ತೆಳುವಾದ ಗಟ್ಟಿಮರದ ಪಟ್ಟಿಯನ್ನು ಕೂರಿಸಿ ಎತ್ತರಿಸುವುದು ಹಳೆಯ, ಸುಲಭವಾದ ಉಪಾಯ; ಬೋಲ್ಟಿನಿಂದ ಬಿಗಿಯುವ ಮೋಟಾರುಗಳಲ್ಲಿ, ಟ್ರಾನ್ಸಮ್ಮನ್ನು ಹಿಡಿಯುವ ಹಿಡಿಕವಚದಲ್ಲಿ ಒಂದರ ಮೇಲೊಂದು ರಂಧ್ರಗಳನ್ನು ಇದಕ್ಕಾಗಿಯೇ ಕೊರೆದಿರುತ್ತಾರೆ.

ಚಿಕ್ಕ ಮೋಟಾರುಗಳನ್ನು ಎರಡು ಕೈತಿರುಪುಗಳಿಂದ ಟ್ರಾನ್ಸಮ್ಮಿಗೆ ಬಿಗಿಯುತ್ತಾರೆ. ಕಂಪನದಿಂದ ಇವು ಸಡಿಲವಾಗುವುದು ಸಾಮಾನ್ಯವಾದ್ದರಿಂದ, ಬಿಗಿದು ಸ್ವಲ್ಪ ಹೊತ್ತು ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು, ಮೋಟಾರಿಗೂ ದೋಣಿಗೂ ನಡುವೆ ಸರಪಳಿ ಅಥವಾ ಉಕ್ಕಿನ ಹಗ್ಗವೊಂದನ್ನು ಕಟ್ಟಿರಬೇಕು. ಬೋಲ್ಟು ಹಾಕುವುದಾದರೆ ಪ್ರತಿ ರಂಧ್ರಕ್ಕೂ ನೀರು ನುಗ್ಗದ ಸೀಲಂಟ್ ತುಂಬುವುದು ಕಡ್ಡಾಯ, ಏಕೆಂದರೆ ಮರದ ಟ್ರಾನ್ಸಮ್ ಕೊಳೆಯುವುದು ಹೆಚ್ಚಾಗಿ ಅಲ್ಲಿಂದಲೇ. ಟ್ರಾನ್ಸಮ್ಮನ್ನು ಮರದ ಹಿಡಿಯಿಂದ ತಟ್ಟಿ ನೋಡಿದಾಗ ಗಟ್ಟಿಯಾದ ಸದ್ದಿನ ಬದಲು ಮಂದವಾದ, ಸತ್ತ ಸದ್ದು ಬಂದರೆ ಅದನ್ನು ಮೊದಲು ದುರಸ್ತಿ ಮಾಡಬೇಕು, ಮೋಟಾರು ಆಮೇಲೆ.

ಇನ್ನು ಕೋನ. ಟ್ರಾನ್ಸಮ್ಮುಗಳು ಸಾಮಾನ್ಯವಾಗಿ ಹಿಂದಕ್ಕೆ ಸುಮಾರು 12 ಡಿಗ್ರಿ ವಾಲಿರುತ್ತವೆ, ಮೋಟಾರಿನ ಹಿಡಿಕವಚದಲ್ಲಿ ಅದಕ್ಕೆ ತಕ್ಕಂತೆ ಕೋನ ಬದಲಿಸಲು ರಂಧ್ರಗಳ ಸಾಲೂ, ಅವುಗಳಲ್ಲಿ ತೂರಿಸುವ ಪಿನ್ನೂ ಇರುತ್ತದೆ. ಪಿನ್ನನ್ನು ಟ್ರಾನ್ಸಮ್ಮಿನ ಹತ್ತಿರದ ರಂಧ್ರಕ್ಕೆ ಹಾಕಿದರೆ ಪ್ರೊಪೆಲ್ಲರ್ ದೋಣಿಯ ಕಡೆಗೆ ಸರಿದು ಮೂತಿಯನ್ನು ಕೆಳಕ್ಕೆ ಒತ್ತುತ್ತದೆ, ದೂರದ ರಂಧ್ರಕ್ಕೆ ಹಾಕಿದರೆ ಮೂತಿಯನ್ನು ಮೇಲಕ್ಕೆತ್ತುತ್ತದೆ. ಮೂತಿ ಅತಿಯಾಗಿ ತಗ್ಗಿದ್ದರೆ ದೋಣಿ ನೀರನ್ನು ಉತ್ತುಕೊಂಡು ಹೋಗುತ್ತದೆ, ಮೋಟಾರು ತಿರುಗಿಸುವ ಹಿಡಿಕೆ ಭಾರವಾಗುತ್ತದೆ, ಅಲೆಗೆ ಎದುರಾದಾಗ ದಿಕ್ಕು ತಪ್ಪುವ ಸ್ವಭಾವ ಬರುತ್ತದೆ. ಅತಿಯಾಗಿ ಎದ್ದಿದ್ದರೆ ಮೂತಿ ಏಳುತ್ತ ಬೀಳುತ್ತ ಲಯಬದ್ಧವಾಗಿ ಕುಪ್ಪಳಿಸತೊಡಗುತ್ತದೆ. ಓಡುವ ವೇಗದಲ್ಲಿ ಆ ಚಪ್ಪಟೆ ಫಲಕ ನೀರಿನ ಮೇಲ್ಮೈಗೆ ಸಮಾನಾಂತರವಾಗಿರುವುದೇ ಸರಿಯಾದ ಕೋನ. ಇಲ್ಲಿ ಒಂದು ಎಚ್ಚರಿಕೆ ಬೇಕು: ಎರಡು ಅಥವಾ ಮೂರು ಜನ ಕೂರುವ ದೋಣಿಯಲ್ಲಿ ಒಬ್ಬರು ಹಿಂದಿನ ಹಲಗೆಯಿಂದ ನಡುವಿನ ಹಲಗೆಗೆ ಸರಿದರೂ ಸಮತೋಲ ಬದಲಾಗುತ್ತದೆ. ಆದ್ದರಿಂದ ಜನ, ಪೆಟ್ರೋಲ್ ಟ್ಯಾಂಕ್, ಲಂಗರು ಎಲ್ಲವನ್ನೂ ಸಾಮಾನ್ಯವಾಗಿ ಇರುವ ಜಾಗದಲ್ಲಿಯೇ ಇಟ್ಟುಕೊಂಡು ಕೋನ ನೋಡಬೇಕು. ಖಾಲಿ ದೋಣಿಯಲ್ಲಿ ಹೊಂದಿಸಿದ ಕೋನ ತುಂಬಿದ ದೋಣಿಗೆ ಹೊಂದುವುದಿಲ್ಲ.

ನೇರವಾಗಿ ಓಡಿಸುತ್ತಿದ್ದರೂ ಹಿಡಿಕೆ ಒಂದೇ ಕಡೆಗೆ ಎಳೆಯುತ್ತಿದ್ದರೆ, ಕೆಲವು ಮೋಟಾರುಗಳಲ್ಲಿ ಆ ಫಲಕದ ಅಡಿಯಲ್ಲಿ ಒಂದು ಬೋಲ್ಟಿನಿಂದ ಹಿಡಿದಿರುವ ಸಣ್ಣ ರೆಕ್ಕೆಯನ್ನು ತಿರುಗಿಸಿ ಅದನ್ನು ಸರಿಪಡಿಸಬಹುದು. ದೋಣಿ ಬಲಕ್ಕೆ ಎಳೆಯುತ್ತಿದ್ದರೆ ರೆಕ್ಕೆಯ ಹಿಂತುದಿಯನ್ನು ಬಲಕ್ಕೆ, ಎಡಕ್ಕೆ ಎಳೆಯುತ್ತಿದ್ದರೆ ಎಡಕ್ಕೆ ತಿರುಗಿಸಬೇಕು. ಮೊದಲ ನೋಟಕ್ಕೆ ಇದು ತಿರುವುಮುರುವಾಗಿ ತೋರುತ್ತದೆ, ಆದರೆ ರೆಕ್ಕೆಗೆ ಬಡಿಯುವ ನೀರು ಮೋಟಾರಿನ ಹಿಂಭಾಗವನ್ನು ಎದುರು ದಿಕ್ಕಿಗೆ ತಳ್ಳುವುದನ್ನು ನೆನೆದರೆ ಸರಿಯೆನಿಸುತ್ತದೆ. ಅನೇಕ ಮೋಟಾರುಗಳಲ್ಲಿ ಈ ರೆಕ್ಕೆಯೇ ಸವೆತ ತಡೆಯುವ ಆನೋಡ್ ಕೂಡ ಆಗಿರುವುದರಿಂದ ಅದಕ್ಕೆ ಬಣ್ಣ ಬಳಿಯಬಾರದು.

ಪ್ರೊಪೆಲ್ಲರ್

ಪ್ರೊಪೆಲ್ಲರಿನ ಮೇಲೆ ಕೊರೆದಿರುವ ಎರಡು ಅಂಕಿಗಳಲ್ಲಿ ಮೊದಲನೆಯದು ಸಾಮಾನ್ಯವಾಗಿ ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ ಎಂದರೆ ಪ್ರೊಪೆಲ್ಲರ್ ಜಾರದೆ ಒಂದು ಸುತ್ತು ತಿರುಗಿದರೆ ಎಷ್ಟು ಮುಂದೆ ಸಾಗಬೇಕೋ ಆ ದೂರ. ಲೆಕ್ಕ ಹಾಕಿ ನೋಡೋಣ: ಎಂಜಿನ್ ನಿಮಿಷಕ್ಕೆ 5500 ಸುತ್ತು ತಿರುಗುತ್ತಿದೆ, ಗೇರಿನ ಅನುಪಾತ 2:1 ಎಂದಿಟ್ಟುಕೊಂಡರೆ ಪ್ರೊಪೆಲ್ಲರ್ 2750 ಸುತ್ತು ತಿರುಗುತ್ತದೆ. ಪಿಚ್ 12 ಇಂಚು, ಅಂದರೆ ಒಂದು ಅಡಿ ಇದ್ದರೆ ನಿಮಿಷಕ್ಕೆ 2750 ಅಡಿ, ಗಂಟೆಗೆ ಸುಮಾರು 50 ಕಿಲೋಮೀಟರ್ ಆಯಿತು. ನೀರು ಗಟ್ಟಿ ವಸ್ತುವಲ್ಲವಾದ್ದರಿಂದ ಪ್ರೊಪೆಲ್ಲರ್ ಅದರಲ್ಲಿ ಜಾರುತ್ತದೆ. ಈ ಜಾರಿಕೆ ಶೇಕಡಾ 20ರಷ್ಟು ಇದ್ದರೆ ನಿಜವಾದ ವೇಗ 40 ಕಿಲೋಮೀಟರಿಗೆ ಇಳಿಯುತ್ತದೆ. ಭಾರ ತುಂಬಿದ ನಿಧಾನದ ದೋಣಿಗಳಲ್ಲಿ ಜಾರಿಕೆ ಇದಕ್ಕಿಂತ ಬಹಳ ಹೆಚ್ಚಿರಬಹುದು.

ಆದರೆ ಪ್ರೊಪೆಲ್ಲರನ್ನು ಆರಿಸುವುದು ವೇಗಕ್ಕಾಗಿ ಎನ್ನುವುದಕ್ಕಿಂತ ಎಂಜಿನ್ನಿನ ಆರೋಗ್ಯಕ್ಕಾಗಿ ಎನ್ನುವುದು ಹೆಚ್ಚು ಸರಿ. ಪ್ರತಿ ಮೋಟಾರಿನ ಕೈಪಿಡಿಯಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ ಎಂಜಿನ್ ಎಷ್ಟು ಸುತ್ತು ತಿರುಗಬೇಕೆಂಬ ವ್ಯಾಪ್ತಿಯನ್ನು, ಉದಾಹರಣೆಗೆ 5000ದಿಂದ 6000 ಎಂದು, ಕೊಟ್ಟಿರುತ್ತಾರೆ. ರೂಢಿಯ ಭಾರದೊಂದಿಗೆ ಪೂರ್ತಿ ಥ್ರಾಟಲ್ ಕೊಟ್ಟಾಗಲೂ ಆ ವ್ಯಾಪ್ತಿಯನ್ನು ಮುಟ್ಟದಿದ್ದರೆ ಪಿಚ್ ಹೆಚ್ಚಾಗಿದೆ. ಒಂದು ಇಂಚು ಪಿಚ್ ಇಳಿಸಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ಕಡಿಮೆ ಸುತ್ತಿನಲ್ಲಿ ಏದುಸಿರು ಬಿಡುತ್ತ ಓಡುವ ಎಂಜಿನ್ ಹೊರಗಿನಿಂದ ಶಾಂತವಾಗಿ ಕಂಡರೂ ಒಳಗೆ ಮಸಿ ಕಟ್ಟುತ್ತದೆ, ಪಿಸ್ಟನ್ ಮತ್ತು ಬೇರಿಂಗುಗಳ ಮೇಲೆ ವಿಪರೀತ ಹೊರೆ ಬೀಳುತ್ತದೆ. ಗೇರಿನಲ್ಲಿ ಸಾಕಷ್ಟು ಎಳೆಯುತ್ತಿಲ್ಲವೆಂದು ಕಾರ್ಬ್ಯುರೇಟರನ್ನು ಬಿಚ್ಚುವವರು ಸುತ್ತು ಎಣಿಸುವ ಟ್ಯಾಕೋಮೀಟರ್ ಒಂದನ್ನು ಜೋಡಿಸಿ ಈ ಪರೀಕ್ಷೆಯನ್ನು ಮೊದಲು ಮಾಡಿದರೆ ಬಹಳ ಶ್ರಮ ಉಳಿಯುತ್ತದೆ.

ಎಂಜಿನ್ ಜೋರಾಗಿ ತಿರುಗುತ್ತದೆ, ದೋಣಿ ಮಾತ್ರ ಸಾಗುವುದಿಲ್ಲ ಎಂದಾದರೆ ಎರಡು ಸಾಧ್ಯತೆಗಳಿವೆ. ತೀರ ಚಿಕ್ಕ ಮೋಟಾರುಗಳಲ್ಲಿ ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವುದು ಶಿಯರ್ ಪಿನ್ ಎಂಬ ಮೆದು ಲೋಹದ ಕಡ್ಡಿ. ಬಂಡೆಗೆ ತಾಗಿದಾಗ ಗೇರು ಮುರಿಯುವ ಬದಲು ಈ ಕಡ್ಡಿ ತುಂಡಾಗುತ್ತದೆ. ಅದರ ಜಾಗಕ್ಕೆ ಮೊಳೆಯನ್ನೋ ಉಕ್ಕಿನ ಕಡ್ಡಿಯನ್ನೋ ತೂರಿಸಿದರೆ ಮುಂದಿನ ಬಂಡೆಗೆ ಗೇರೇ ಬಲಿಯಾಗುತ್ತದೆ. ದೊಡ್ಡವುಗಳಲ್ಲಿ ಇದೇ ಕೆಲಸವನ್ನು ಪ್ರೊಪೆಲ್ಲರಿನ ನಡುವಿನ ರಬ್ಬರ್ ಬುಷ್ ಮಾಡುತ್ತದೆ, ಅದು ಹಿಡಿತ ಬಿಟ್ಟರೆ ನಿಧಾನದಲ್ಲಿ ಸಾಗುವ ದೋಣಿ ಥ್ರಾಟಲ್ ಏರಿಸಿದೊಡನೆ ಜಾರುತ್ತದೆ. ಪ್ರೊಪೆಲ್ಲರನ್ನು ಆಗಾಗ ಬಿಚ್ಚಿ ಶಾಫ್ಟಿಗೆ ಸಮುದ್ರಬಳಕೆಯ ಗ್ರೀಸ್ ಹಚ್ಚುವುದರ ದೊಡ್ಡ ಲಾಭ ಗ್ರೀಸಿನದಲ್ಲ, ಹಾಗೆ ಬಿಚ್ಚಿದಾಗ ಹಿಂದೆ ಸುತ್ತಿಕೊಂಡಿರುವ ಗಾಳದ ದಾರ ಕಣ್ಣಿಗೆ ಬೀಳುವುದು. ಆ ದಾರ ಶಾಫ್ಟಿನ ಸೀಲನ್ನು ಕೊಯ್ದು ಗೇರ್‌ಪೆಟ್ಟಿಗೆಗೆ ನೀರು ನುಗ್ಗಲು ದಾರಿ ಮಾಡುತ್ತದೆ. ಪ್ರೊಪೆಲ್ಲರಿಗೆ ಕೈ ಹಾಕುವ ಮೊದಲು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಕ್ಲಿಪ್ ಕಿತ್ತು, ಸ್ಪಾರ್ಕ್ ಪ್ಲಗ್ಗಿನ ತಂತಿಗಳನ್ನೂ ಬಿಡಿಸಿಡಬೇಕು; ಕೈಯಿಂದ ತಿರುಗಿಸಿದ ಪ್ರೊಪೆಲ್ಲರ್ ಗೇರಿನಲ್ಲಿದ್ದ ಎಂಜಿನ್ನನ್ನು ಚಾಲೂ ಮಾಡಬಲ್ಲದು.

ತಂಪಿನ ನೀರು

ಔಟ್‌ಬೋರ್ಡ್ ಮೋಟಾರಿಗೆ ರೇಡಿಯೇಟರ್ ಇಲ್ಲ. ಡ್ರೈವ್‌ಶಾಫ್ಟಿನ ಸುತ್ತ ಕೂರಿಸಿದ ರಬ್ಬರಿನ ಇಂಪೆಲ್ಲರ್ ಕೆರೆಯದೋ ಸಮುದ್ರದ್ದೋ ನೀರನ್ನು ಮೇಲಕ್ಕೆ ತಳ್ಳುತ್ತದೆ, ಅದು ಎಂಜಿನ್ನನ್ನು ಸುತ್ತಿ ಬಿಸಿಯಾಗಿ ಹೊರಬೀಳುತ್ತದೆ. ಹಿಂಬದಿಯ ಸಣ್ಣ ರಂಧ್ರದಿಂದ ಚಿಮ್ಮುವ ಸೂಚಕ ಧಾರೆ ಪಂಪು ಕೆಲಸ ಮಾಡುತ್ತಿದೆಯೆಂಬುದಕ್ಕೆ ಸಾಕ್ಷಿ. ಚಾಲೂ ಮಾಡಿದ ಕೂಡಲೇ ಅತ್ತ ನೋಡುವುದು ದೋಣಿ ನಡೆಸುವವರ ಮೊದಲ ಅಭ್ಯಾಸವಾಗಬೇಕು. ಧಾರೆ ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ, ಆ ರಂಧ್ರಕ್ಕೆ ಮೊದಲು ತೆಳುವಾದ ತಂತಿ ತೂರಿಸಿ ನೋಡಬೇಕು, ಏಕೆಂದರೆ ಕಟ್ಟಿಕೊಂಡಿರುವುದು ಬಹಳ ಸಲ ರಂಧ್ರ ಮಾತ್ರ. ಹಾಗಲ್ಲದಿದ್ದರೆ ಒಳಬರುವ ಕಿಂಡಿಗಳಿಗೆ ಪ್ಲಾಸ್ಟಿಕ್ ಹಾಳೆಯೋ ಜೊಂಡೋ ಅಂಟಿರಬಹುದು. ಅಲ್ಲೂ ಏನೂ ಇಲ್ಲವೆಂದಾದರೆ ಇಂಪೆಲ್ಲರಿನ ಸರದಿ.

ಇಂಪೆಲ್ಲರ್ ತನ್ನ ಮನೆಯೊಳಗೆ ನೀರಿನಿಂದಲೇ ನುಣುಪಾಗಿ ತಿರುಗುವುದರಿಂದ, ನೀರಿಲ್ಲದೆ ಕೆಲವೇ ಸೆಕೆಂಡು ಓಡಿಸಿದರೂ ರಬ್ಬರ್ ಸುಡತೊಡಗುತ್ತದೆ. ಒಣನೆಲದ ಮೇಲೆ ‘ಒಮ್ಮೆ ಚಾಲೂ ಮಾಡಿ ನೋಡುವುದು’ ಎಂಬ ಅಭ್ಯಾಸ ಇಂಪೆಲ್ಲರಿಗೆ ಮಾಡುವಷ್ಟು ಹಾನಿಯನ್ನು ಇಡೀ ವರ್ಷದ ಬಳಕೆಯೂ ಮಾಡಲಾರದು. ಬಳಸದೆ ಇಟ್ಟರೂ ಅದು ಕೆಡುತ್ತದೆ. ಮಡಚಿಕೊಂಡ ರಬ್ಬರ್ ಎಲೆಗಳು ಅದೇ ಆಕಾರದಲ್ಲಿ ಗಟ್ಟಿಯಾಗಿ ಮತ್ತೆ ನಿಗುರುವುದಿಲ್ಲ. ಮರಳು, ಕೆಸರು ತುಂಬಿದ ನೀರಿನಲ್ಲಿ ಓಡುವ ಮೋಟಾರಿಗೆ ವರ್ಷಕ್ಕೊಮ್ಮೆ, ಬೇರೆ ಕಡೆ ಎರಡು ಮೂರು ವರ್ಷಕ್ಕೊಮ್ಮೆ ಹೊಸದನ್ನು ಹಾಕುವುದು ಒಳ್ಳೆಯ ರೂಢಿ.

ಬದಲಿಸುವ ಕೆಲಸ ಕೇಳಿದಷ್ಟು ಕಷ್ಟದ್ದಲ್ಲ. ಗೇರ್ ಸರಳನ್ನು ಬಿಡಿಸಿ, ಕೆಳಭಾಗವನ್ನು ಹಿಡಿದಿರುವ ಬೋಲ್ಟುಗಳನ್ನು ಕಳಚಿದರೆ ಗೇರ್‌ಪೆಟ್ಟಿಗೆ ಡ್ರೈವ್‌ಶಾಫ್ಟಿನ ಸಮೇತ ಕೆಳಗಿಳಿದು ಬರುತ್ತದೆ. ಪಂಪಿನ ಮುಚ್ಚಳ ತೆಗೆದರೆ ಇಂಪೆಲ್ಲರ್ ಕಾಣುತ್ತದೆ. ಅದನ್ನು ಶಾಫ್ಟಿನೊಂದಿಗೆ ತಿರುಗಿಸುವ ಪುಟ್ಟ ಕೀಲಿ ಅದರ ಹಿಂದೆ ಇರುತ್ತದೆ, ಮರಳಿಗೆ ಬಿದ್ದರೆ ಮತ್ತೆ ಸಿಕ್ಕುವುದಿಲ್ಲ. ಹಳೆಯ ಇಂಪೆಲ್ಲರಿನ ಎಲೆಯೊಂದು ತುಂಡಾಗಿದ್ದರೆ ಆ ತುಂಡನ್ನು ಹುಡುಕಿ ತೆಗೆಯಲೇಬೇಕು, ಇಲ್ಲದಿದ್ದರೆ ಅದು ನೀರಿನ ಕೊಳವೆಯಲ್ಲಿ ಮೇಲೇರಿ, ಬಿಸಿಗೆ ತಕ್ಕಂತೆ ನೀರನ್ನು ಬಿಡುವ ಥರ್ಮೋಸ್ಟಾಟ್ ಎಂಬ ಕವಾಟದ ಬಳಿ ಸಿಕ್ಕಿಕೊಂಡು ಹೊಸ ಇಂಪೆಲ್ಲರ್ ಹಾಕಿದ ಮೇಲೂ ಎಂಜಿನ್ ಕಾಯುತ್ತದೆ. ಪಂಪಿನ ಒಳಗೋಡೆಯಲ್ಲಿ ಉಗುರಿಗೆ ಸಿಗುವಂಥ ಗೀರುಗಳಿದ್ದರೆ ಅದನ್ನೂ ಬದಲಿಸಬೇಕು. ಹೊಸದಕ್ಕೆ ಸೋಪಿನ ನೀರು ಹಚ್ಚಿ, ಮುಚ್ಚಳವನ್ನು ಕೆಳಕ್ಕೆ ಒತ್ತುತ್ತ ಡ್ರೈವ್‌ಶಾಫ್ಟನ್ನು ಎಂಜಿನ್ ತಿರುಗುವ ದಿಕ್ಕಿಗೆ, ಸಾಮಾನ್ಯವಾಗಿ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ, ತಿರುಗಿಸಿದರೆ ಎಲೆಗಳೆಲ್ಲ ಸರಿಯಾದ ಕಡೆಗೆ ಬಾಗಿ ಕೂರುತ್ತವೆ. ಮತ್ತೆ ಜೋಡಿಸುವಾಗ ಡ್ರೈವ್‌ಶಾಫ್ಟಿನ ಪಕ್ಕದ ಹಲ್ಲುಗಳಿಗೆ ಗ್ರೀಸ್ ಹಚ್ಚಬೇಕೇ ಹೊರತು ನೆತ್ತಿಯ ಮೇಲಲ್ಲ. ಅಲ್ಲಿ ಗ್ರೀಸ್ ತುಂಬಿದರೆ ಶಾಫ್ಟ್ ಕ್ರ್ಯಾಂಕಿನೊಳಗೆ ಪೂರ್ತಿ ಕೂರುವುದಿಲ್ಲ. ನೀರಿನ ಕೊಳವೆ ಪಂಪಿನ ಬಾಯಿಗೆ ಸರಿಯಾಗಿ ಹೊಕ್ಕಿದೆಯೇ ಎಂದು ಬಗ್ಗಿ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಬೋಲ್ಟುಗಳನ್ನು ಬಿಗಿಯಬೇಕು.

ಥರ್ಮೋಸ್ಟಾಟ್ ಇರುವ ಮೋಟಾರುಗಳಲ್ಲಿ ಅದು ಸಾಮಾನ್ಯವಾಗಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆದುಕೊಳ್ಳುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಅದು ತೆರೆಯುವುದನ್ನು ಕಣ್ಣಾರೆ ನೋಡಬಹುದು. ಕಾಯುತ್ತದೆಯೆಂದು ಅದನ್ನೇ ಕಿತ್ತೆಸೆಯುವವರಿದ್ದಾರೆ, ಆದರೆ ಆಗ ಎಂಜಿನ್ ಸದಾ ತಣ್ಣಗಿದ್ದು, ಇಂಧನ ಸರಿಯಾಗಿ ಸುಡದೆ ಪ್ಲಗ್ಗುಗಳು ಕಪ್ಪಾಗುತ್ತವೆ.

ಉಪ್ಪುನೀರಿನಲ್ಲಿ ಓಡಿಸಿದ ಮೋಟಾರನ್ನು ಪ್ರತಿ ಸಲವೂ ಸಿಹಿನೀರಿನಿಂದ 10ರಿಂದ 15 ನಿಮಿಷ ತೊಳೆಯಬೇಕು. ಕಿಂಡಿಗಳಿಗೆ ಕಚ್ಚಿಸುವ ರಬ್ಬರ್ ಬಟ್ಟಲುಗಳಿಗೆ ಕೊಳಾಯಿ ಜೋಡಿಸಿಯೋ, ಕಿಂಡಿಗಳು ಚೆನ್ನಾಗಿ ಮುಳುಗುವಷ್ಟು ದೊಡ್ಡ ತೊಟ್ಟಿಯಲ್ಲಿ ಇಳಿಸಿಯೋ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕಡಿಮೆ ಸುತ್ತಿನಲ್ಲಿ ಓಡಿಸುವುದು ಕ್ರಮ. ಥರ್ಮೋಸ್ಟಾಟ್ ತೆರೆಯುವಷ್ಟು ಎಂಜಿನ್ ಬಿಸಿಯಾಗದಿದ್ದರೆ ಸಿಹಿನೀರು ಒಳಗಿನ ದಾರಿಗಳನ್ನೆಲ್ಲ ತಲುಪುವುದಿಲ್ಲ, ಆದ್ದರಿಂದಲೇ ಎರಡು ನಿಮಿಷದ ತೊಳೆತ ಸಾಲದು.

ಪೆಟ್ರೋಲ್, ಆಮೇಲೆ ಕಾರ್ಬ್ಯುರೇಟರ್

ಸ್ವಲ್ಪ ದೂರ ಚೆನ್ನಾಗಿ ಓಡಿ ಆಮೇಲೆ ಸೊರಗಿ ನಿಲ್ಲುವ, ಕೆಲವು ನಿಮಿಷ ಬಿಟ್ಟರೆ ಮತ್ತೆ ಓಡುವ ಮೋಟಾರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಟ್ಯಾಂಕಿನ ಮುಚ್ಚಳದ ಗಾಳಿತಿರುಪನ್ನು. ಅದು ಮುಚ್ಚಿದ್ದರೆ ಪೆಟ್ರೋಲ್ ಖಾಲಿಯಾದಂತೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಹರಿವು ನಿಲ್ಲುತ್ತದೆ. ಕೊಳವೆಯ ನಡುವಿನ ರಬ್ಬರ್ ಬಲ್ಬನ್ನು ಬಾಣದ ಗುರುತು ಎಂಜಿನ್ನಿನ ಕಡೆಗೆ, ಸಾಧ್ಯವಾದರೆ ಮೇಲ್ಮುಖವಾಗಿ ಹಿಡಿದು, ಗಟ್ಟಿಯಾಗುವ ತನಕ ಒತ್ತಬೇಕು. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಕೊಳವೆಯ ತುದಿಗಳಲ್ಲೋ ಜೋಡಣೆಯ ರಬ್ಬರ್ ಉಂಗುರದಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನ ಒಳಗಿನ ಕವಾಟ ಕೆಟ್ಟಿದೆ. ಓಡುತ್ತಿರುವಾಗ ಬಲ್ಬ್ ಚಪ್ಪಟೆಯಾಗಿ ಒಳಕ್ಕೆ ಹೀರಿಕೊಂಡಿದ್ದರೆ ತಡೆ ಇರುವುದು ಬಲ್ಬಿಗಿಂತ ಟ್ಯಾಂಕಿನ ಕಡೆಗೆ.

ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಒಂದು ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪೆಟ್ರೋಲ್ ಹೀರುವ ಕೊಳವೆಯ ಬಾಯಿ ಇರುವುದೂ ಅಲ್ಲಿಯೇ. ನೀರು ಬೇರ್ಪಡಿಸುವ ಫಿಲ್ಟರ್ ಒಂದನ್ನು ಜೋಡಿಸಿ, ತಿಂಗಳುಗಟ್ಟಲೆ ನಿಂತ ಪೆಟ್ರೋಲನ್ನು ಬಳಸದಿರುವುದೇ ಇದಕ್ಕೆ ಪರಿಹಾರ. ಎರಡು ಸ್ಟ್ರೋಕಿನ ಮೋಟಾರುಗಳಲ್ಲಿ ಎಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನೊಂದಿಗೇ ಬರಬೇಕು. ಇತ್ತೀಚಿನ ಹೆಚ್ಚಿನವುಗಳಿಗೆ ಅನುಪಾತ 50:1, ಅಂದರೆ ಒಂದು ಲೀಟರಿಗೆ 20 ಮಿಲಿಲೀಟರ್. ಹೊಸ ಎಂಜಿನ್ ಪಳಗುವ ಮೊದಲ ಗಂಟೆಗಳಲ್ಲಿ ಬಹಳ ತಯಾರಕರು 25:1 ಕೇಳುತ್ತಾರೆ. ಎಣ್ಣೆ ಟಿಸಿ-ಡಬ್ಲ್ಯು3 ಗುರುತಿನದಾಗಿರಬೇಕು. ಗಾಳಿಯಿಂದ ತಂಪಾಗುವ ಬೈಕಿನ ಎಣ್ಣೆ ಬೂದಿ ಉಳಿಸುವುದರಿಂದ ನೀರಿನಿಂದ ತಂಪಾಗುವ ಈ ಎಂಜಿನ್ನುಗಳಿಗೆ ಅದು ಹೊಂದುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಎಂಜಿನ್ ನಿಧಾನಗತಿಯಲ್ಲಿ ಸ್ಥಿರವಾಗಿ ಓಡದಿದ್ದರೆ ಆಗ ಕಾರ್ಬ್ಯುರೇಟರಿನ ಹತ್ತಿರ ಹೋಗಬಹುದು. ಹೊಸ ನಾಲ್ಕು ಸ್ಟ್ರೋಕಿನ ಮೋಟಾರುಗಳಲ್ಲಿ ಮಿಶ್ರಣದ ತಿರುಪನ್ನು ತಯಾರಕರೇ ಮುಚ್ಚಿ ಕಳಿಸಿರುತ್ತಾರೆ, ಅವುಗಳಲ್ಲಿ ತೊಂದರೆ ಇರುವುದು ಹೆಚ್ಚಾಗಿ ಒಣಗಿದ ಪೆಟ್ರೋಲಿನ ಅಂಟು ಕಟ್ಟಿಕೊಂಡ ಜೆಟ್ಟಿನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತುಂಡು); ಅದನ್ನು ಬಿಚ್ಚಿ ಕ್ಲೀನರ್ ಮತ್ತು ಗಾಳಿಯಿಂದ ಶುಚಿಗೊಳಿಸಬೇಕು, ತಂತಿ ತೂರಿಸಿ ರಂಧ್ರ ಹಿಗ್ಗಿಸಬಾರದು.

ತಿರುಪು ಇರುವ ಹಳೆಯ ಎಂಜಿನ್ನುಗಳಲ್ಲಿ ಹೊಂದಾಣಿಕೆ ಮಾಡುವ ಕ್ರಮ ಹೀಗೆ. ತಿರುಪನ್ನು ಹಗುರವಾಗಿ ಕೂರುವ ತನಕ ಒಳಕ್ಕೆ ತಿರುಗಿಸಿ, ಕೈಪಿಡಿಯಲ್ಲಿ ಹೇಳಿದಷ್ಟು, ಬಹಳ ಮೋಟಾರುಗಳಲ್ಲಿ ಒಂದೂವರೆ ಸುತ್ತಿನ ಆಸುಪಾಸು, ಹೊರಕ್ಕೆ ತೆಗೆಯಬೇಕು. ಬಿಗಿಯಾಗಿ ಒತ್ತಿ ಕೂರಿಸಿದರೆ ಅದರ ಸೂಜಿತುದಿಯಲ್ಲಿ ಗೀರುಬಿದ್ದು ಮುಂದೆಂದೂ ಸರಿಯಾಗಿ ಹೊಂದುವುದಿಲ್ಲ. ಆಮೇಲೆ ದೋಣಿಯನ್ನು ಭದ್ರವಾಗಿ ಕಟ್ಟಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ನೀರಿನಲ್ಲಿ ಮುಂದಿನ ಗೇರಿಗೆ ಹಾಕಿ, ಅತಿ ಕಡಿಮೆ ಥ್ರಾಟಲಿನಲ್ಲಿ ತಿರುಪನ್ನು ಎಂಟನೆಯ ಒಂದು ಸುತ್ತಿನಷ್ಟು ಒಳಕ್ಕೆ ತಿರುಗಿಸಿ ಕೆಲವು ಸೆಕೆಂಡು ಕಾಯಬೇಕು. ಹೆಚ್ಚಿನ ಚಿಕ್ಕ ಮೋಟಾರುಗಳಲ್ಲಿ ಒಳಕ್ಕೆ ಹೋದಂತೆ ಪೆಟ್ರೋಲ್ ಕಡಿಮೆಯಾಗುತ್ತದೆ. ಹಾಗೆಯೇ ಮುಂದುವರಿದರೆ ಒಂದು ಹಂತದಲ್ಲಿ ಎಂಜಿನ್ ಕೆಮ್ಮಿದಂತೆ ಸೀನಿ ನಿಲ್ಲಲು ನೋಡುತ್ತದೆ. ಅಲ್ಲಿಂದ ಹೊರಕ್ಕೆ ತಿರುಗಿಸುತ್ತ ಬಂದರೆ ಸದ್ದು ನುಣುಪಾಗಿ, ಮತ್ತೆ ಇನ್ನೊಂದು ಹಂತದಲ್ಲಿ ಭಾರವಾಗಿ, ಲಯ ತಪ್ಪಿ ಗುಡುಗುಡಿಸುತ್ತದೆ. ಈ ಎರಡರ ನಡುವೆ, ಎರಡನೆಯದರ ಕಡೆಗೆ ತುಸು ವಾಲಿದ ಜಾಗವೇ ಸರಿಯಾದದ್ದು. ಹಾಗೆ ವಾಲಿಸುವುದಕ್ಕೆ ಕಾರಣವಿದೆ: ಎರಡು ಸ್ಟ್ರೋಕಿನಲ್ಲಿ ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗುತ್ತದೆ, ಅದರಿಂದ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಕೊನೆಯಲ್ಲಿ ಥ್ರಾಟಲನ್ನು ಒಮ್ಮೆ ಚುರುಕಾಗಿ ತೆರೆದು ನೋಡಬೇಕು. ಎಂಜಿನ್ ತಡವರಿಸಿದರೆ ತಿರುಪನ್ನು ಇನ್ನು ಸ್ವಲ್ಪ ಹೊರಕ್ಕೆ ತರಬೇಕು. ನಿಧಾನಗತಿಯ ಸುತ್ತನ್ನು ಹೊಂದಿಸುವ ಬೇರೆ ತಿರುಪನ್ನು ಇದಾದ ಮೇಲೆಯೇ ಮುಟ್ಟಬೇಕು. ಸುತ್ತು ಹೆಚ್ಚಿದ್ದರೆ ಗೇರ್ ಹಾಕುವಾಗ ಪೆಟ್ಟು ಬಿದ್ದು ಕ್ಲಚ್ಚಿನ ಹಲ್ಲುಗಳ ಅಂಚು ಸವೆಯುತ್ತದೆ.

ಮಿಶ್ರಣ ಸರಿಯಾಯಿತೇ ಎಂಬುದನ್ನು ಸ್ಪಾರ್ಕ್ ಪ್ಲಗ್ ಹೇಳುತ್ತದೆ: ತುದಿ ತಿಳಿಗಂದು ಬಣ್ಣದ್ದಾಗಿದ್ದರೆ ಸರಿ, ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ ಅಥವಾ ತಂಪು ಸಾಲದು.

ಎಣ್ಣೆ, ಆನೋಡ್, ಎತ್ತಿಡುವ ಕಾಲ

ನಾಲ್ಕು ಸ್ಟ್ರೋಕಿನ ಎಂಜಿನ್ನಿನ ಎಣ್ಣೆಯನ್ನು ಮೊದಲ ಸಲ 20 ಗಂಟೆಯ ಒಳಗೆ, ಆಮೇಲೆ 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. ಮೋಟಾರು ನೆಟ್ಟಗೆ ನಿಂತಿರುವಾಗಲೇ ಅದರ ಮಟ್ಟ ನೋಡಬೇಕು. ಮಟ್ಟ ತಾನಾಗಿ ಏರುತ್ತಿದ್ದರೆ ಸಂತೋಷಪಡುವಂತಿಲ್ಲ, ಗಂಟೆಗಟ್ಟಲೆ ನಿಧಾನಗತಿಯಲ್ಲಿ ಓಡಿಸಿದ್ದರಿಂದ ಎಣ್ಣೆಗೆ ಪೆಟ್ರೋಲ್ ಇಳಿಯುತ್ತಿದೆಯೆಂದು ತಿಳಿಯಬೇಕು.

ಗೇರ್‌ಪೆಟ್ಟಿಗೆಗೆ ಎರಡು ತಿರುಪುಗಳಿವೆ, ಕೆಳಗಿನದು ಎಣ್ಣೆಗೆ, ಮೇಲಿನದು ಗಾಳಿಗೆ. ಎರಡನ್ನೂ ತೆಗೆದರೆ ಹಳೆಯ ಎಣ್ಣೆ ಇಳಿಯುತ್ತದೆ. ಅದು ಹಾಲಿನಂತೆ ಬಿಳುಪೇರಿದ್ದರೆ ನೀರು ಸೇರಿದೆ, ಸೀಲು ಬದಲಿಸದೆ ಗತಿಯಿಲ್ಲ. ಕೆಳಗಿನ ತಿರುಪಿನ ಅಯಸ್ಕಾಂತಕ್ಕೆ ನಯವಾದ ಲೋಹದ ಹುಡಿ ಅಂಟಿರುವುದು ಸಹಜ, ಚೂರುಗಳಿದ್ದರೆ ಗೇರು ಒಡೆಯುತ್ತಿದೆ. ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದಲೇ ಮೇಲಕ್ಕೆ ತುಂಬಬೇಕು. ಮೇಲಿನಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಂಡು ಪೆಟ್ಟಿಗೆ ಅರ್ಧ ತುಂಬಿದಾಗಲೇ ತುಂಬಿದಂತೆ ತೋರುತ್ತದೆ. ಮೇಲಿನ ರಂಧ್ರದಲ್ಲಿ ಗುಳ್ಳೆಯಿಲ್ಲದೆ ಎಣ್ಣೆ ಬಂದ ಮೇಲೆ ಮೊದಲು ಮೇಲಿನ ತಿರುಪು ಬಿಗಿದು, ಆಮೇಲೆ ಕೆಳಗಿನ ನಳಿಕೆ ತೆಗೆದು ಬೇಗನೆ ತಿರುಪು ಹಾಕಿದರೆ ಎಣ್ಣೆ ಹೆಚ್ಚು ಚೆಲ್ಲುವುದಿಲ್ಲ. ವಾಷರುಗಳು ಪ್ರತಿ ಸಲವೂ ಹೊಸವಾಗಿರಲಿ.

ಮೋಟಾರಿನ ಕವಚ ಅಲ್ಯೂಮಿನಿಯಮ್, ಶಾಫ್ಟು ಬೋಲ್ಟುಗಳು ಸ್ಟೇನ್‌ಲೆಸ್ ಉಕ್ಕು. ಉಪ್ಪುನೀರಿನಲ್ಲಿ ಇವೆರಡರ ನಡುವೆ ವಿದ್ಯುತ್ ಹರಿದು ಅಲ್ಯೂಮಿನಿಯಮ್ ಕರಗುತ್ತದೆ. ತಾನೇ ಮೊದಲು ಕರಗಿ ಕವಚವನ್ನು ಕಾಯುವುದಕ್ಕಾಗಿ ಆನೋಡ್ ಎಂಬ ಲೋಹದ ತುಂಡನ್ನು ಹಾಕಿರುತ್ತಾರೆ: ಉಪ್ಪುನೀರಿಗೆ ಸತು, ಸಿಹಿನೀರಿಗೆ ಮೆಗ್ನೀಸಿಯಮ್, ಎರಡರ ಬೆರಕೆ ಇರುವ ಅಳಿವೆಗಳಲ್ಲಿ ಅಲ್ಯೂಮಿನಿಯಮ್ ಮಿಶ್ರಲೋಹ. ಅರ್ಧದಷ್ಟು ಸವೆದಾಗ ಬದಲಿಸಬೇಕು. ವರ್ಷಗಟ್ಟಲೆ ಸವೆಯದ ಆನೋಡ್ ಗಟ್ಟಿಮುಟ್ಟಾಗಿದೆಯೆಂದು ಭಾವಿಸಬಾರದು, ಅದಕ್ಕೂ ಕವಚಕ್ಕೂ ಲೋಹದ ಸಂಪರ್ಕ ತಪ್ಪಿದೆ, ಅಂದರೆ ಕರಗುತ್ತಿರುವುದು ಕವಚವೇ.

ಮೋಟಾರು ನೀರಿನಲ್ಲಿ ಮುಳುಗಿಬಿಟ್ಟರೆ ಗಂಟೆಗಳ ಲೆಕ್ಕದಲ್ಲಿ ಕೆಲಸ ನಡೆಯಬೇಕು, ಏಕೆಂದರೆ ಬೇರಿಂಗುಗಳು ತುಕ್ಕು ಹಿಡಿಯಲು ತೊಡಗುವುದು ನೀರಿನಿಂದ ಹೊರತೆಗೆದು ಗಾಳಿ ತಾಗಿದ ಮೇಲೆ. ಸಿಹಿನೀರಿನಿಂದ ತೊಳೆದು, ಪ್ಲಗ್ಗುಗಳನ್ನು ಬಿಚ್ಚಿ, ರಂಧ್ರಗಳು ಕೆಳಮುಖವಾಗುವಂತೆ ಮಲಗಿಸಿ, ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೀರು ಬಸಿಯಬೇಕು. ಓಡುತ್ತಿರುವಾಗಲೇ ಮುಳುಗಿದ್ದು, ತಿರುಗಿಸುವಾಗ ತಡೆ ಕಂಡರೆ ಕನೆಕ್ಟಿಂಗ್ ರಾಡ್ ಬಾಗಿರುವ ಸಾಧ್ಯತೆಯಿದೆ. ಬಲವಂತ ಮಾಡದೆ ಮೆಕ್ಯಾನಿಕನ ಕೈಗೆ ಕೊಡುವುದು ಲೇಸು. ತಡೆ ಇಲ್ಲದಿದ್ದರೆ ಸಿಲಿಂಡರುಗಳಿಗೆ ಎಣ್ಣೆ ಹಾಕಿ, ನಾಲ್ಕು ಸ್ಟ್ರೋಕಿನದಾದರೆ ಎಂಜಿನ್ ಎಣ್ಣೆ ಬದಲಿಸಿ, ಕಾರ್ಬ್ಯುರೇಟರ್ ಶುಚಿಗೊಳಿಸಿ, ಅದೇ ದಿನ ಚಾಲೂ ಮಾಡಿ ಬಿಸಿಯಾಗುವಷ್ಟು ಹೊತ್ತು ಓಡಿಸಬೇಕು.

ತಿಂಗಳುಗಟ್ಟಲೆ ಬಳಸದೆ ಎತ್ತಿಡುವಾಗ ಸಿಹಿನೀರಿನಲ್ಲಿ ಓಡಿಸುತ್ತ ಪೆಟ್ರೋಲಿನ ಕೊಳವೆ ಬಿಡಿಸಿ ಕಾರ್ಬ್ಯುರೇಟರನ್ನು ಬರಿದು ಮಾಡುವುದು, ಪ್ಲಗ್ ತೆಗೆದು ಸಿಲಿಂಡರಿಗೆ ಸ್ವಲ್ಪ ಎಣ್ಣೆ ಸಿಂಪಡಿಸಿ ಒಂದೆರಡು ಸುತ್ತು ತಿರುಗಿಸುವುದು, ತಿರುಗುವ ಕೀಲುಗಳಿಗೂ ಕೈತಿರುಪುಗಳಿಗೂ ಗ್ರೀಸ್ ಹಾಕುವುದು, ಗೇರ್ ಎಣ್ಣೆಯನ್ನು ಆಗಲೇ ಬದಲಿಸುವುದು ಒಟ್ಟಿಗೆ ನಡೆಯಬೇಕಾದ ಕೆಲಸಗಳು. ಗೇರ್ ಎಣ್ಣೆಯನ್ನು ಎತ್ತಿಡುವ ಮೊದಲೇ ಬದಲಿಸಬೇಕೆನ್ನುವುದು, ಒಳಗೆ ಸೇರಿದ ನೀರು ತಿಂಗಳುಗಟ್ಟಲೆ ನಿಂತು ಗೇರಿಗೆ ತುಕ್ಕು ಹಿಡಿಸದಿರಲೆಂದು. ಹಿಮ ಬೀಳುವ ಕಡೆ ಆ ನೀರು ಹೆಪ್ಪುಗಟ್ಟಿ ಪೆಟ್ಟಿಗೆಯನ್ನೇ ಸೀಳಬಲ್ಲದು. ಒಳಗಿನ ನೀರೆಲ್ಲ ಇಳಿಯುವಂತೆ ಮೋಟಾರನ್ನು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸುವುದು ಎಲ್ಲಕ್ಕಿಂತ ಒಳ್ಳೆಯದು. ಚಿಕ್ಕ ನಾಲ್ಕು ಸ್ಟ್ರೋಕಿನ ಮೋಟಾರನ್ನು ಸಾಗಿಸಲು ಮಲಗಿಸಲೇಬೇಕಾದರೆ, ಯಾವ ಮಗ್ಗುಲಿಗೆ ಮಲಗಿಸಬೇಕೆಂಬುದನ್ನು ತಯಾರಕರು ಕೈಪಿಡಿಯಲ್ಲಿ, ಬಹಳ ಸಲ ಮೋಟಾರಿನ ಮೇಲೆಯೇ, ಗುರುತಿಸಿರುತ್ತಾರೆ. ಬೇರೆ ಮಗ್ಗುಲಿಗೆ ಮಲಗಿಸಿದರೆ ಎಂಜಿನ್ ಎಣ್ಣೆ ಸಿಲಿಂಡರಿಗೆ ಇಳಿದು, ಮರುದಿನ ಹಗ್ಗ ಎಳೆದಾಗ ಎಂಜಿನ್ ಅಲುಗದೆ ಕೂರುತ್ತದೆ. ಆಗ ಹಗ್ಗವನ್ನು ಜಗ್ಗದೆ ಪ್ಲಗ್ಗುಗಳನ್ನು ಬಿಚ್ಚಿ, ಮೋಟಾರನ್ನು ನೆಟ್ಟಗೆ ನಿಲ್ಲಿಸಿ, ಎಣ್ಣೆ ಹೊರಬೀಳುವ ತನಕ ಹಗ್ಗವನ್ನು ಮೆಲ್ಲಗೆ ಎಳೆದು, ಪ್ಲಗ್ಗುಗಳನ್ನು ಒರೆಸಿ ಹಾಕಿ, ಎಣ್ಣೆಯ ಮಟ್ಟವನ್ನು ಮತ್ತೆ ನೋಡಿಕೊಂಡು ಚಾಲೂ ಮಾಡಬೇಕು.